ಉರಿಮೂತ್ರದ ಮಾತ್ರೆ: ಬಾಯಿಂದ ಮೂತ್ರಕೋಶದವರೆಗೆ

ಅರಿಶಿನ ಕೀಳುವ ಕಾಲದಲ್ಲಾಗಲಿ, ಸಾಂಬಾರ್ ಈರುಳ್ಳಿಯ ಕಳೆ ತೆಗೆಯುವಾಗಲಾಗಲಿ, ಚೆಂಡು ಹೂ ಬಿಡಿಸುವಾಗಲಾಗಲಿ, ಬೆಳಗಿನಿಂದ ಸಂಜೆಯವರೆಗೆ ಹೊಲದಲ್ಲಿ ಬಗ್ಗಿ ದುಡಿಯುವವರು ಬಹುಮಟ್ಟಿಗೆ ಹೆಂಗಸರು. ಚಾಮರಾಜನಗರ, ಗುಂಡ್ಲುಪೇಟೆ ತಾಲ್ಲೂಕುಗಳ ಬಯಲು ಹೊಲಗಳಲ್ಲಿ ಮರೆ ಎಂಬುದು ಕಡಿಮೆ. ಮೂತ್ರಕ್ಕೆ ಎದ್ದು ಹೋಗಬೇಕಾದೀತೆಂಬ ಸಂಕೋಚದಿಂದ ಅನೇಕರು ನೀರನ್ನೇ ಕುಡಿಯುವುದಿಲ್ಲ. ಬಂದ ಮೂತ್ರವನ್ನೂ ಕತ್ತಲಾಗುವವರೆಗೆ ತಡೆದುಕೊಳ್ಳುತ್ತಾರೆ. ಇಂಥವರಲ್ಲಿ ಉರಿಮೂತ್ರ ಮತ್ತೆ ಮತ್ತೆ ಕಾಣಿಸಿಕೊಳ್ಳುವುದು ಆಶ್ಚರ್ಯವಲ್ಲ.

ಆಮೇಲೆ ನಡೆಯುವುದು ನಿಮಗೆ ಗೊತ್ತಿರುವುದೇ. ‘ಉಷ್ಣ ಆಗಿದೆ’ ಎಂದು ಜೀರಿಗೆ ನೀರು, ಎಳನೀರು, ಬಾರ್ಲಿ ಗಂಜಿ ಕೊಟ್ಟು ಎರಡು ದಿನ ನೋಡುತ್ತಾರೆ. ವಾಸಿಯಾಗದಿದ್ದರೆ ಪೇಟೆಗೆ ಹೋದ ಗಂಡಸರು ಔಷಧಿ ಅಂಗಡಿಯಲ್ಲಿ ಕೇಳಿ ನಾಲ್ಕು ಮಾತ್ರೆ ತರುತ್ತಾರೆ. ಮಾತ್ರೆಯೂ ಉಷ್ಣವೇ ಎಂದು ಅದನ್ನು ಒಂದು ಲೋಟ ಹಾಲಿನ ಜೊತೆ ನುಂಗುತ್ತಾರೆ. ಎರಡು ಮಾತ್ರೆಗೆ ಉರಿ ತಗ್ಗಿದರೆ ಉಳಿದೆರಡು ಗೋಡೆಯ ಗೂಡು ಸೇರುತ್ತವೆ. ತಿಂಗಳು ಕಳೆಯುವುದರೊಳಗೆ ಮತ್ತೆ ಉರಿ ಬರುತ್ತದೆ. ಈ ಸಲ ಚಳಿ ಜ್ವರವೂ ಪಕ್ಕೆ ನೋವೂ ಜೊತೆಗಿರುತ್ತವೆ.

ಇಲ್ಲಿ ಮಾತ್ರೆ ಹೋಗಿ ಮುಟ್ಟಬೇಕಾದ ಜಾಗಕ್ಕೆ ಸಾಕಷ್ಟು ಮುಟ್ಟಿಲ್ಲ, ಅಥವಾ ಮುಟ್ಟಿದ್ದು ಬೇಕಾದಷ್ಟು ಹೊತ್ತು ನಿಂತಿಲ್ಲ, ಇಲ್ಲವೇ ಆ ರೋಗಕ್ಕೆ ಆ ಮಾತ್ರೆ ಸರಿಯಾದದ್ದೇ ಅಲ್ಲ. ಬೆಳೆಗೆ ಔಷಧಿ ಹೊಡೆಯುವವರಿಗೆ ಇದು ಹೊಸ ಮಾತಲ್ಲ. ಎಲೆಯ ಅಡಿಯಲ್ಲಿ ಕುಳಿತ ನುಸಿಗೆ ಎಲೆಯ ಮೇಲೆ ಸಿಂಪಡಿಸಿದರೆ ಔಷಧಿಯೂ ದಂಡ, ಕೂಲಿಯೂ ದಂಡ. ಆದ್ದರಿಂದ ಉರಿಮೂತ್ರಕ್ಕೆ ಕೊಡುವ ಪ್ರತಿಜೈವಿಕಗಳು, ಅಂದರೆ ಆಂಟಿಬಯಾಟಿಕ್ ಔಷಧಿಗಳು, ದೇಹದೊಳಗೆ ಯಾವ ದಾರಿಯಲ್ಲಿ ಹೋಗುತ್ತವೆ, ಎಲ್ಲಿ ತಡೆಯುತ್ತವೆ ಎಂಬುದನ್ನು ತಿಳಿದುಕೊಳ್ಳುವುದು ಒಳ್ಳೆಯದು.

ರೋಗ ಕುಳಿತಿರುವ ಜಾಗ

ಹತ್ತರಲ್ಲಿ ಏಳೆಂಟು ಉರಿಮೂತ್ರಕ್ಕೆ ಕಾರಣ ಈ. ಕೋಲೈ ಎಂಬ ದುಂಡಾಣು. ಇದು ಹೊರಗಿನಿಂದ ಬಂದ ಶತ್ರುವಲ್ಲ. ನಮ್ಮ ದೊಡ್ಡ ಕರುಳಿನಲ್ಲಿ, ದನದ ಕರುಳಿನಲ್ಲಿ ಸದಾ ಇರುವಂಥದ್ದು. ಅಲ್ಲಿಂದ ಮೂತ್ರದ್ವಾರಕ್ಕೆ ದಾಟಿ ಮೇಲೇರಿದಾಗ ರೋಗವಾಗುತ್ತದೆ. ಹೆಂಗಸರಲ್ಲಿ ಈ ದಾರಿ ಸುಮಾರು 4 ಸೆಂಟಿಮೀಟರ್, ಗಂಡಸರಲ್ಲಿ ಸುಮಾರು 20. ಹೆಂಗಸರಿಗೆ ಈ ರೋಗ ಹೆಚ್ಚು ಬರಲು ಮುಖ್ಯ ಕಾರಣ ಇದೇ ಹೊರತು ಅವರ ನಡತೆಯಾಗಲಿ ಕೊಳಕಾಗಲಿ ಅಲ್ಲ. ಮದುವೆಯಾದ ಹೊಸತರಲ್ಲಿ, ಬಸಿರಿನಲ್ಲಿ, ಮುಟ್ಟು ನಿಂತ ಮೇಲೆ, ಸಕ್ಕರೆ ಕಾಯಿಲೆಯಲ್ಲಿ ಇದು ಇನ್ನೂ ಸುಲಭವಾಗಿ ಬರುತ್ತದೆ.

ಮೂತ್ರ ಹರಿಯುತ್ತಿದ್ದರೆ ದುಂಡಾಣು ಕೊಚ್ಚಿಹೋಗುತ್ತದೆ. ನಿಂತ ನೀರಿನಲ್ಲಿ ಪಾಚಿ ಕಟ್ಟುವಂತೆ, ಗಂಟೆಗಟ್ಟಲೆ ತಡೆದಿಟ್ಟ ಮೂತ್ರದಲ್ಲಿ ಅದು ಒಂದು ಎರಡಾಗಿ, ಎರಡು ನಾಲ್ಕಾಗಿ ಬೆಳೆಯುತ್ತದೆ. ಅನುಕೂಲ ಸಿಕ್ಕರೆ ಹೀಗೆ ಇಮ್ಮಡಿಯಾಗಲು ಅರ್ಧ ಗಂಟೆಯೂ ಬೇಡ. ಅಲ್ಲದೆ ಈ. ಕೋಲೈ ಮೈಮೇಲೆ ಕೂದಲಿನಂಥ ಎಳೆಗಳಿದ್ದು, ಅವುಗಳಿಂದ ಮೂತ್ರಕೋಶದ ಒಳಗೋಡೆಯನ್ನು ಕಚ್ಚಿ ಹಿಡಿಯುತ್ತದೆ. ಸೋಂಕು ಮೂತ್ರಕೋಶದಲ್ಲೇ ಇರುವಾಗ ಉರಿ, ಪದೇ ಪದೇ ಹೋಗಬೇಕೆನಿಸುವುದು, ಕಿಬ್ಬೊಟ್ಟೆ ನೋವು ಇರುತ್ತವೆ. ಮೇಲೇರಿ ಮೂತ್ರಪಿಂಡವನ್ನು ಹಿಡಿದಾಗ ನಡುಕ ಜ್ವರ, ಪಕ್ಕೆಯ ಹಿಂಭಾಗದಲ್ಲಿ ನೋವು, ವಾಂತಿ ಕಾಣುತ್ತವೆ. ಈ ಎರಡು ಜಾಗಗಳ ವ್ಯತ್ಯಾಸವನ್ನು ನೆನಪಿನಲ್ಲಿಡಿ. ಮದ್ದಿನ ಆಯ್ಕೆಯೆಲ್ಲ ಇದರ ಮೇಲೆ ನಿಂತಿದೆ.

ಮೂತ್ರಪಿಂಡ ಮಾಡುವ ಉಪಕಾರ

ನುಂಗಿದ ಮಾತ್ರೆ ಹೊಟ್ಟೆಯಲ್ಲಿ ಕರಗಿ, ಸಣ್ಣ ಕರುಳಿನಲ್ಲಿ ರಕ್ತಕ್ಕೆ ಹೀರಲ್ಪಟ್ಟು, ಮೈಯೆಲ್ಲ ಸುತ್ತಿ ಮೂತ್ರಪಿಂಡಕ್ಕೆ ಬರುತ್ತದೆ. ನಮ್ಮ ಎರಡು ಮೂತ್ರಪಿಂಡಗಳೂ ಸೇರಿ ದಿನಕ್ಕೆ ಸುಮಾರು 180 ಲೀಟರ್ ದ್ರವವನ್ನು ಸೋಸುತ್ತವೆ. ಅದರಲ್ಲಿ ಒಂದೂವರೆ ಲೀಟರಿನಷ್ಟು ಮಾತ್ರ ಮೂತ್ರವಾಗಿ ಹೊರಬೀಳುತ್ತದೆ, ಉಳಿದ ನೀರೆಲ್ಲ ರಕ್ತಕ್ಕೆ ಮರಳುತ್ತದೆ. ಕಬ್ಬಿನ ಹಾಲನ್ನು ಕೊಪ್ಪರಿಗೆಯಲ್ಲಿ ಬತ್ತಿಸಿದಂತೆ ಇಲ್ಲಿಯೂ ನೀರು ಹೋಗಿ ಸಾರ ಉಳಿಯುತ್ತದೆ. ರಕ್ತದಲ್ಲಿ ತೆಳ್ಳಗಿದ್ದ ಔಷಧಿ ಮೂತ್ರದಲ್ಲಿ ಹತ್ತಾರು ಪಟ್ಟು, ಕೆಲವೊಮ್ಮೆ ನೂರು ಪಟ್ಟು ಗಟ್ಟಿಯಾಗುತ್ತದೆ.

ಔಷಧಿ ಮೂತ್ರದಲ್ಲಿ ಎಷ್ಟರಮಟ್ಟಿಗೆ ಕೂಡಿಕೊಳ್ಳುತ್ತದೆ ಎನ್ನುವುದಕ್ಕೆ 1941ರಲ್ಲಿ ಇಂಗ್ಲೆಂಡಿನ ಆಕ್ಸ್‌ಫರ್ಡ್‌ನಲ್ಲಿ ನಡೆದ ಸಂಗತಿಯನ್ನು ಹೇಳಬಹುದು. ಆಲ್ಬರ್ಟ್ ಅಲೆಕ್ಸಾಂಡರ್ ಎಂಬ ಪೊಲೀಸಿನವನಿಗೆ ಆಗ ತಾನೇ ತಯಾರಾದ ಪೆನಿಸಿಲಿನ್ ಕೊಡಲಾಯಿತು. ಜಗತ್ತಿನಲ್ಲಿದ್ದ ದಾಸ್ತಾನೇ ಅಷ್ಟು ಕಡಿಮೆಯಿತ್ತೆಂದರೆ, ಅವನ ಮೂತ್ರವನ್ನು ಹಿಡಿದು, ಅದರಿಂದ ಪೆನಿಸಿಲಿನ್ ಬೇರ್ಪಡಿಸಿ, ಮತ್ತೆ ಅವನಿಗೇ ಚುಚ್ಚಿದರು. ಚೇತರಿಸಿಕೊಳ್ಳುತ್ತಿದ್ದವನು ಮದ್ದು ಮುಗಿದ ಮೇಲೆ ತೀರಿಕೊಂಡ. ಅರ್ಧಕ್ಕೆ ನಿಂತ ಚಿಕಿತ್ಸೆಯ ಕಥೆಯೂ ಹೌದು ಇದು.

ಮೂತ್ರಪಿಂಡ ದುರ್ಬಲವಾಗಿದ್ದವರಲ್ಲಿ ಈ ಉಪಕಾರ ನಡೆಯುವುದಿಲ್ಲ. ಮದ್ದು ಮೂತ್ರಕ್ಕೆ ಇಳಿಯುವುದೂ ಇಲ್ಲ, ಮೈಯಲ್ಲಿ ಉಳಿದು ಕೆಡುಕು ಮಾಡುವುದೂ ಉಂಟು. ಬಹುಕಾಲದ ಸಕ್ಕರೆ ಕಾಯಿಲೆ, ರಕ್ತದೊತ್ತಡ ಇರುವವರು ಅದನ್ನು ವೈದ್ಯರಿಗೆ ಮೊದಲೇ ಹೇಳಬೇಕೆನ್ನುವುದು ಇದಕ್ಕಾಗಿಯೇ.

ಮೂತ್ರಕೋಶಕ್ಕೆಂದೇ ಇರುವ ಮದ್ದುಗಳು

ನೈಟ್ರೋಫ್ಯುರಾಂಟೊಯಿನ್ 1953ರಿಂದ ಬಳಕೆಯಲ್ಲಿರುವ ಹಳೆಯ ಮಾತ್ರೆ. ಇದು ರಕ್ತದಲ್ಲಿ ಬಹಳ ಹೊತ್ತು ನಿಲ್ಲುವುದಿಲ್ಲ. ಒಂದು ಗಂಟೆಯೊಳಗೆ ಅರ್ಧಕ್ಕಿಂತ ಹೆಚ್ಚು ಖಾಲಿಯಾಗಿ ಮೂತ್ರಕ್ಕೆ ಧಾವಿಸುತ್ತದೆ. ರಕ್ತದಲ್ಲಿ ಲೀಟರಿಗೆ ಒಂದು ಮಿಲಿಗ್ರಾಂ ಆಸುಪಾಸು ಇರುವಾಗ ಮೂತ್ರದಲ್ಲಿ ನೂರರ ಆಸುಪಾಸು ಇರುತ್ತದೆ. ಆದ್ದರಿಂದ ಮೂತ್ರಕೋಶದ ಸೋಂಕಿಗೆ ಇದು ಬಹಳ ಒಳ್ಳೆಯದು, ಮೂತ್ರಪಿಂಡದ ಸೋಂಕಿಗೆ ಪ್ರಯೋಜನವಿಲ್ಲ. ಪಿಂಡದ ಮಾಂಸದೊಳಗೆ ಹೋಗಿ ಕೆಲಸ ಮಾಡುವಷ್ಟು ಮದ್ದು ರಕ್ತದಲ್ಲಿ ಇರುವುದೇ ಇಲ್ಲ. ಜ್ವರ ಬಂದ ಮೇಲೂ ಹಳೆಯ ಚೀಟಿ ತೋರಿಸಿ ಇದನ್ನೇ ತಂದು ನುಂಗುವವರು ಅಮೂಲ್ಯವಾದ ಎರಡು ಮೂರು ದಿನ ಕಳೆದುಕೊಳ್ಳುತ್ತಾರೆ.

ಇದು ದುಂಡಾಣುವನ್ನು ಕೊಲ್ಲುವ ಬಗೆಯೂ ಸ್ವಾರಸ್ಯವಾಗಿದೆ. ದುಂಡಾಣುವಿನದೇ ಕಿಣ್ವಗಳು ಈ ಮದ್ದನ್ನು ಉಗ್ರವಾದ ವಸ್ತುವಾಗಿ ಮಾರ್ಪಡಿಸುತ್ತವೆ. ಆ ವಸ್ತು ಒಂದು ಕಡೆಯಲ್ಲ, ಹಲವು ಕಡೆ ಏಕಕಾಲಕ್ಕೆ ಏಟು ಕೊಡುತ್ತದೆ. ಒಂದು ಬಾಗಿಲು ಮುಚ್ಚಿ ತಪ್ಪಿಸಿಕೊಳ್ಳುವ ಉಪಾಯ ಇಲ್ಲಿ ನಡೆಯದು. ಎಪ್ಪತ್ತು ವರ್ಷ ಕಳೆದರೂ ಈ. ಕೋಲೈ ಇದಕ್ಕೆ ಅಷ್ಟಾಗಿ ಒಗ್ಗಿಕೊಂಡಿಲ್ಲದಿರಲು ಇದೊಂದು ಕಾರಣ. ಸಾಮಾನ್ಯವಾಗಿ 100 ಮಿಲಿಗ್ರಾಂ ನಿಧಾನವಾಗಿ ಬಿಡುಗಡೆಯಾಗುವ ಮಾತ್ರೆಯನ್ನು ದಿನಕ್ಕೆರಡು ಸಲ, ಐದು ದಿನ ಬರೆದುಕೊಡುತ್ತಾರೆ. ಇದನ್ನು ಊಟದ ಜೊತೆ ನುಂಗಬೇಕು. ಖಾಲಿ ಹೊಟ್ಟೆಯಲ್ಲಿ ಹೀರಿಕೆಯೂ ಕಡಿಮೆ, ಓಕರಿಕೆಯೂ ಹೆಚ್ಚು. ಮೂತ್ರ ಕಂದು ಬಣ್ಣಕ್ಕೆ ತಿರುಗಿದರೆ ಗಾಬರಿಯಾಗಬೇಡಿ, ಅದು ಮದ್ದಿನ ಬಣ್ಣ. ತುಂಬು ಬಸುರಿಯರಿಗೆ, ಅಂದರೆ ಹೆರಿಗೆ ಹತ್ತಿರ ಬಂದವರಿಗೆ, ಇದನ್ನು ಕೊಡುವುದಿಲ್ಲ. ಉರಿ ತಗ್ಗಿಸಲೆಂದು ಅಂಗಡಿಯಲ್ಲಿ ಕೊಡುವ ಕ್ಷಾರದ ಸಿರಪ್ಪನ್ನು ಇದರ ಜೊತೆ ಕುಡಿಯುವುದೂ ಸರಿಯಲ್ಲ. ಹುಳಿ ಮಣ್ಣಿಗೆ ಒಂದು ಬೆಳೆ, ಚೌಳು ಮಣ್ಣಿಗೆ ಇನ್ನೊಂದು ಎಂಬಂತೆ, ಈ ಮದ್ದು ಆಮ್ಲೀಯ ಮೂತ್ರದಲ್ಲಿ ಚುರುಕು, ಕ್ಷಾರ ಮೂತ್ರದಲ್ಲಿ ಮಂದ.

ಕೋ-ಟ್ರೈಮಾಕ್ಸಜೋಲ್ ಎರಡು ಮದ್ದುಗಳ ಜೋಡಿ. ದುಂಡಾಣುಗಳು ತಮಗೆ ಬೇಕಾದ ಫೋಲಿಕ್ ಆಮ್ಲವನ್ನು ತಾವೇ ತಯಾರಿಸಿಕೊಳ್ಳಬೇಕು. ನಾವಾದರೋ ಸೊಪ್ಪು ತಿಂದು ಪಡೆಯುತ್ತೇವೆ. ಸಲ್ಫಾ ಮದ್ದು ಈ ತಯಾರಿಕೆಯನ್ನು ಒಂದು ಹಂತದಲ್ಲಿ, ಟ್ರೈಮೆಥೋಪ್ರಿಮ್ ಮುಂದಿನ ಹಂತದಲ್ಲಿ ತಡೆಯುತ್ತದೆ. ಒಂದೇ ಕಾಲುವೆಗೆ ಎರಡು ಕಡೆ ಕಟ್ಟೆ ಹಾಕಿದಂತೆ. ಮದ್ದು ಅಗ್ಗ, ಮೂರು ದಿನ ಸಾಕು. ಆದರೆ ದಶಕಗಳ ಕಾಲ ಎಲ್ಲದಕ್ಕೂ ಬಳಸಿದ್ದರಿಂದ ಈಗ ಅನೇಕರಲ್ಲಿ ನಾಟುವುದಿಲ್ಲ. ಸಲ್ಫಾ ಒಗ್ಗದೆ ಹಿಂದೆ ಮೈಮೇಲೆ ಗಂಧೆ ಎದ್ದವರು ಮುಟ್ಟಬಾರದು.

ಮೂರನೆಯದು ಫೋಸ್ಫೋಮೈಸಿನ್. 3 ಗ್ರಾಂ ಪುಡಿಯನ್ನು ನೀರಿನಲ್ಲಿ ಕದಡಿ ಒಂದೇ ಸಲ ಕುಡಿಯುವಂಥದ್ದು. 1969ರಲ್ಲಿ ಸ್ಪೇನಿನ ಮಣ್ಣಿನ ಜೀವಿಯೊಂದರಿಂದ ಇದನ್ನು ಕಂಡುಹಿಡಿದರು. ಮೊದಲ ಮಳೆಗೆ ಹೊಲದಿಂದ ಏಳುವ ಮಣ್ಣಿನ ಪರಿಮಳ ಯಾವ ಬಳಗದ ಜೀವಿಗಳದೋ, ಸ್ಟ್ರೆಪ್ಟೋಮೈಸಿಸ್ ಎಂಬ ಅದೇ ಬಳಗ ಇದನ್ನೂ ಕೊಟ್ಟಿದೆ. ರಾತ್ರಿ ಮಲಗುವಾಗ, ಊಟವಾಗಿ ಎರಡು ಮೂರು ಗಂಟೆ ಬಿಟ್ಟು, ಮೂತ್ರ ಮಾಡಿ ಬಂದು ಇದನ್ನು ಕುಡಿದರೆ ರಾತ್ರಿಯಿಡೀ ಮದ್ದು ಮೂತ್ರಕೋಶದಲ್ಲಿ ನಿಲ್ಲುತ್ತದೆ. ಎರಡು ದಿನದವರೆಗೂ ಅದರ ಪ್ರಭಾವ ಉಳಿಯುತ್ತದೆ.

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಮಾರ್ಗಸೂಚಿಯಲ್ಲಿ ತೊಡಕಿಲ್ಲದ ಮೂತ್ರಕೋಶದ ಸೋಂಕಿಗೆ ಹೇಳಿರುವುದು ಈ ಬಗೆಯ ಮದ್ದುಗಳನ್ನೇ. ನಮ್ಮ ಅಂಗಡಿಗಳಲ್ಲಿ ಕೇಳಿದ ತಕ್ಷಣ ಕೈಗೆ ಸಿಗುವುದು ಮಾತ್ರ ಬಹಳ ಸಲ ಬೇರೆಯದು.

ಹಾಲು, ಸುಣ್ಣ ಮತ್ತು ಫ್ಲಾಕ್ಸಸಿನ್ ಮಾತ್ರೆ

ಆ ಬೇರೆಯದೆಂದರೆ ನಾರ್‌ಫ್ಲಾಕ್ಸಸಿನ್, ಸಿಪ್ರೋಫ್ಲಾಕ್ಸಸಿನ್, ಓಫ್ಲಾಕ್ಸಸಿನ್. ಈ ಮನೆತನದ ಮೂಲಪುರುಷ ನಾಲಿಡಿಕ್ಸಿಕ್ ಆಮ್ಲ. ಮಲೇರಿಯಾದ ಕ್ಲೋರೋಕ್ವಿನ್ ತಯಾರಿಸುವಾಗ ಸಿಕ್ಕ ಉಪವಸ್ತುವಿನಿಂದ 1962ರ ಸುಮಾರಿಗೆ ಹುಟ್ಟಿದ್ದು. ದುಂಡಾಣು ಇಮ್ಮಡಿಯಾಗಬೇಕಾದರೆ ತನ್ನ ವಂಶದ ಎಳೆಯನ್ನು ಬಿಚ್ಚಿ ನಕಲು ಮಾಡಿಕೊಳ್ಳಬೇಕು. ಈ ಮದ್ದುಗಳು ಆ ಬಿಚ್ಚುವ ಕಿಣ್ವವನ್ನು ಹಿಡಿದು ನಿಲ್ಲಿಸುತ್ತವೆ.

ಇವಕ್ಕೊಂದು ದೌರ್ಬಲ್ಯವಿದೆ. ಕ್ಯಾಲ್ಸಿಯಂ, ಅಂದರೆ ಸುಣ್ಣದ ಅಂಶ, ಕಬ್ಬಿಣ, ಮೆಗ್ನೀಸಿಯಂ ಇವುಗಳ ಜೊತೆ ಹೊಟ್ಟೆಯಲ್ಲೇ ಗಂಟುಬೀಳುತ್ತವೆ. ಗಂಟುಬಿದ್ದ ಮದ್ದು ಕರುಳಿನಲ್ಲಿ ಹೀರಿಕೆಯಾಗದೆ ಮಲದಲ್ಲಿ ಹೋಗುತ್ತದೆ. ಗಡುಸು ನೀರಿನಲ್ಲಿ ಸೋಪು ನೊರೆ ಬಾರದೆ ಗಸಿ ಕಟ್ಟುವುದನ್ನು ಕಂಡವರಿಗೆ ಇದು ಬೇಗ ಅರ್ಥವಾಗುತ್ತದೆ. ಹಾಲಿನ ಜೊತೆ ನುಂಗಿದರೆ ನಾರ್‌ಫ್ಲಾಕ್ಸಸಿನ್ ಹೀರಿಕೆ ಸುಮಾರು ಅರ್ಧಕ್ಕೆ ಇಳಿಯುತ್ತದೆ, ಸಿಪ್ರೋಫ್ಲಾಕ್ಸಸಿನ್ ಸುಮಾರು ಮೂರರಲ್ಲಿ ಒಂದು ಪಾಲು ಕಡಿಮೆಯಾಗುತ್ತದೆ. ಮೊಸರಿಗೂ ಇದೇ ಮಾತು. ರಾಗಿಯಲ್ಲಿ 100 ಗ್ರಾಂಗೆ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇರುವುದರಿಂದ ರಾಗಿ ಅಂಬಲಿಯ ಜೊತೆಯೂ ಬೇಡ. ಎಲೆ ಅಡಿಕೆಗೆ ಹಚ್ಚುವ ಸುಣ್ಣ, ಎದೆಯುರಿಯ ಮಾತ್ರೆ, ರಕ್ತಹೀನತೆಗೆ ಕೊಟ್ಟ ಕಬ್ಬಿಣದ ಮಾತ್ರೆ, ಇವನ್ನೂ ದೂರವಿಡಬೇಕು. ಫ್ಲಾಕ್ಸಸಿನ್ ಮಾತ್ರೆ ನುಂಗಿ ಎರಡು ಗಂಟೆಯಾದ ಮೇಲೆ ಇವನ್ನು ತೆಗೆದುಕೊಳ್ಳಬಹುದು. ಇವನ್ನು ಮೊದಲು ತೆಗೆದುಕೊಂಡಿದ್ದರೆ ಮಾತ್ರೆಗೆ ಆರು ಗಂಟೆ ಕಾಯಬೇಕು.

ಹಾಗಾದರೆ ಹಾಲು ಕೆಟ್ಟದ್ದೇ? ಹಾಗಲ್ಲ. ಮೇಲೆ ಹೇಳಿದ ನೈಟ್ರೋಫ್ಯುರಾಂಟೊಯಿನ್ ಮಾತ್ರೆಯನ್ನು ಊಟದ ಕೊನೆಯಲ್ಲಿ ಹಾಲಿನ ಜೊತೆ ನುಂಗಿದರೆ ಒಳ್ಳೆಯದೇ. ಆದ್ದರಿಂದ ಮಾತ್ರೆ ತರುವವರು ಎಷ್ಟು ಹೊತ್ತಿಗೆ ಎಂದು ಮಾತ್ರ ಕೇಳದೆ, ಮಾತ್ರೆಯ ಹೆಸರೇನು, ಯಾವುದರ ಜೊತೆ ಎಂದೂ ಕೇಳಬೇಕು.

ಫ್ಲಾಕ್ಸಸಿನ್ ಮಾತ್ರೆಗಳ ವಿಷಯದಲ್ಲಿ ಇನ್ನೂ ದೊಡ್ಡ ತೊಂದರೆಯೆಂದರೆ, ನಮ್ಮ ದೇಶದಲ್ಲಿ ಪರೀಕ್ಷಿಸಿದ ಈ. ಕೋಲೈಗಳಲ್ಲಿ ಅರ್ಧಕ್ಕಿಂತ ಹೆಚ್ಚು ಈಗ ಇವಕ್ಕೆ ಬಗ್ಗುವುದಿಲ್ಲ. ವಯಸ್ಸಾದವರಲ್ಲಿ ಹಿಮ್ಮಡಿಯ ಸ್ನಾಯುರಜ್ಜು ಊದಿಕೊಳ್ಳುವುದು, ಹರಿಯುವುದೂ ಉಂಟು. ಬಸುರಿಯರಿಗೆ ಸಾಮಾನ್ಯವಾಗಿ ಕೊಡುವುದಿಲ್ಲ. ಬಸುರಿಯರಲ್ಲಿ ಉರಿ ಇಲ್ಲದಿದ್ದರೂ ಮೂತ್ರದಲ್ಲಿ ದುಂಡಾಣು ಇದ್ದರೆ ಚಿಕಿತ್ಸೆ ಬೇಕು. ಬಿಟ್ಟರೆ ಮೂತ್ರಪಿಂಡಕ್ಕೆ ಏರಿ, ದಿನ ತುಂಬುವ ಮೊದಲೇ ಹೆರಿಗೆಯಾಗುವ ಅಪಾಯವಿದೆ. ಅವರಿಗೆ ಸೆಫಲೆಕ್ಸಿನ್ ಮುಂತಾದ, ದುಂಡಾಣುವಿನ ಹೊರಗೋಡೆ ಕಟ್ಟದಂತೆ ತಡೆಯುವ ಮದ್ದುಗಳನ್ನು ವೈದ್ಯರು ಆರಿಸುತ್ತಾರೆ. ಈ ಗೋಡೆ ತಡೆಯುವ ಮದ್ದುಗಳು ಕೆಲಸ ಮಾಡುವುದು ಪ್ರಮಾಣಕ್ಕಿಂತ ಹೆಚ್ಚಾಗಿ ಹೊತ್ತಿನ ಮೇಲೆ. ಬೆಳಿಗ್ಗೆ ಮರೆತದ್ದನ್ನು ಸಂಜೆ ಎರಡು ಒಟ್ಟಿಗೆ ನುಂಗಿ ಸರಿದೂಗಿಸಲಾಗದು. ನಡುವಿನ ಗಂಟೆಗಳಲ್ಲಿ ದುಂಡಾಣು ಮತ್ತೆ ಗೋಡೆ ಕಟ್ಟಿಕೊಂಡಿರುತ್ತದೆ.

ಬಗ್ಗದ ದುಂಡಾಣು ಹುಟ್ಟುವ ಬಗೆ

1987ರಲ್ಲಿ ಆಂಧ್ರದ ಗುಂಟೂರು, ಪ್ರಕಾಶಂ ಜಿಲ್ಲೆಗಳ ಹತ್ತಿಯಲ್ಲಿ ಕಾಯಿಕೊರಕ ಹುಳು ಸಿಂಥೆಟಿಕ್ ಪೈರಿಥ್ರಾಯ್ಡ್‌ಗಳಿಗೆ ಜಗ್ಗದೆ ಬೆಳೆಯನ್ನೆಲ್ಲ ತಿಂದದ್ದು ಹಿರಿಯ ರೈತರಿಗೆ ನೆನಪಿರಬಹುದು. ಸಾಯದೆ ಉಳಿದ ನಾಲ್ಕು ಹುಳುಗಳ ಸಂತತಿಯೇ ಮುಂದಿನ ಹಂಗಾಮಿನ ಹೊಲವೆಲ್ಲ. ದುಂಡಾಣುವಿನಲ್ಲಿ ನಡೆಯುವುದೂ ಅದೇ, ಆದರೆ ಇನ್ನೂ ವೇಗವಾಗಿ. ಮದ್ದನ್ನು ತಡೆಯುವ ವಿದ್ಯೆಯನ್ನು ಒಂದು ದುಂಡಾಣು ತನ್ನ ಮಕ್ಕಳಿಗಷ್ಟೇ ಅಲ್ಲ, ಪಕ್ಕದಲ್ಲಿರುವ ಬೇರೆ ಜಾತಿಯ ದುಂಡಾಣುವಿಗೂ ದಾಟಿಸಬಲ್ಲದು. ಉರಿಮೂತ್ರಕ್ಕೆಂದು ನುಂಗಿದ ಮಾತ್ರೆ ಕರುಳಿನ ಕೋಟಿಗಟ್ಟಲೆ ಈ. ಕೋಲೈಗಳ ಮೇಲೂ ಹಾಯುತ್ತದೆ. ಅಲ್ಲಿ ಬದುಕುಳಿದ ಗಟ್ಟಿ ತಳಿಯೇ ಮುಂದಿನ ಸಲ ಮೂತ್ರಕೋಶಕ್ಕೆ ಏರುವುದು. ನೆಗಡಿಗೆ, ಮೈಕೈ ನೋವಿಗೆ ಆಂಟಿಬಯಾಟಿಕ್ ನುಂಗಿದವರಿಗೂ ಈ ಲೆಕ್ಕ ಅನ್ವಯಿಸುತ್ತದೆ.

ಹೈನುಗಾರರು ಇನ್ನೊಂದು ಸಂಗತಿ ತಿಳಿದಿರಬೇಕು. ಹಸುವಿನ ಕೆಚ್ಚಲು ಬಾವಿಗೆ, ಕರುವಿನ ಭೇದಿಗೆ ಹಾಕುವ ಎನ್ರೋಫ್ಲಾಕ್ಸಸಿನ್ ಚುಚ್ಚುಮದ್ದು ಮೇಲೆ ಹೇಳಿದ ಮನೆತನದ್ದೇ. ಹಸುವಿನ ಮೈಯಲ್ಲಿ ಅದರ ಒಂದು ಪಾಲು ಸಿಪ್ರೋಫ್ಲಾಕ್ಸಸಿನ್ನಾಗಿಯೇ ಮಾರ್ಪಡುತ್ತದೆ. ಕೊಟ್ಟಿಗೆಯಲ್ಲಿ ಅರೆಬರೆ ಬಳಸಿದ ಮದ್ದಿನಿಂದ ಸಗಣಿಯ ಈ. ಕೋಲೈ ಗಟ್ಟಿಯಾದರೆ, ಸಗಣಿ ಬಾಚುವ, ಹಾಲು ಕರೆಯುವ, ಅದೇ ಕೈಯಲ್ಲಿ ಅಡಿಗೆ ಮಾಡುವ ಮನೆಯವರಿಗೆ ಅದು ದೂರದ ಮಾತಲ್ಲ. ಚಿಕಿತ್ಸೆಯಲ್ಲಿರುವ ಹಸುವಿನ ಹಾಲನ್ನು ಪಶುವೈದ್ಯರು ಹೇಳಿದಷ್ಟು ದಿನ ಡೈರಿಗೆ ಹಾಕಬಾರದು. ವ್ಯರ್ಥವಾಗುತ್ತದಲ್ಲ ಎಂದು ಆ ಹಾಲನ್ನು ಕರುವಿಗೆ ಕುಡಿಸುವುದೂ ಕರುವಿನ ಕರುಳಿನಲ್ಲಿ ಗಟ್ಟಿ ತಳಿ ಬೆಳೆಸಿದಂತೆಯೇ. ಕೊಲಿಸ್ಟಿನ್ ಎಂಬ ಮದ್ದನ್ನು ಕೋಳಿ, ಪಶು ಆಹಾರದಲ್ಲಿ ಬಳಸುವುದನ್ನು ಕೇಂದ್ರ ಸರ್ಕಾರ 2019ರಲ್ಲಿ ನಿಷೇಧಿಸಿತು. ಬೇರೆ ಯಾವುದೂ ನಾಟದಿದ್ದಾಗ ಆಸ್ಪತ್ರೆಗಳಲ್ಲಿ ಕೊನೆಗೆ ಉಳಿಯುವ ಮದ್ದುಗಳಲ್ಲಿ ಅದೂ ಒಂದು.

ಯಾವಾಗ ಎಲ್ಲಿಗೆ

ಉರಿ ಮಾತ್ರ ಇದ್ದರೆ ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ತೋರಿಸಿದರೆ ಸಾಕು. ನಡುಕ ಜ್ವರ, ಪಕ್ಕೆ ನೋವು, ವಾಂತಿ ಇದ್ದರೆ, ರೋಗಿ ಬಸುರಿ, ಮಗು, ಗಂಡಸು ಅಥವಾ ಸಕ್ಕರೆ ಕಾಯಿಲೆಯವರಾಗಿದ್ದರೆ ಅದೇ ದಿನ ತಾಲ್ಲೂಕು ಆಸ್ಪತ್ರೆಗೋ, 2016ರಲ್ಲಿ ಆರಂಭವಾದ ಚಾಮರಾಜನಗರದ ವೈದ್ಯಕೀಯ ಕಾಲೇಜಿನ ಆಸ್ಪತ್ರೆಗೋ ಹೋಗಬೇಕು. ಸೋಲಿಗರಲ್ಲಿ ಕುಡುಗೋಲು ಕಣ ರಕ್ತಹೀನತೆ ಇರುವ ಕುಟುಂಬಗಳಿವೆ. ಬಿಳಿಗಿರಿರಂಗನ ಬೆಟ್ಟದಲ್ಲಿ 1981ರಲ್ಲಿ ಡಾ. ಎಚ್. ಸುದರ್ಶನ್ ಆರಂಭಿಸಿದ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರ ಇಂಥವರ ಆರೈಕೆಯಲ್ಲಿ ತೊಡಗಿದೆ. ಈ ಕಾಯಿಲೆಯಲ್ಲಿ ಮೂತ್ರಪಿಂಡದ ಗಟ್ಟಿಗೊಳಿಸುವ ಶಕ್ತಿಯೇ ಕುಂದಿರುವುದರಿಂದ ಅವರು ಸಣ್ಣ ಉರಿಯನ್ನೂ ಅಲಕ್ಷಿಸಬಾರದು.

ನೀರಿನ ಮಾತು ಹಳೆಯದಾದರೂ ಅದಕ್ಕೆ ಈಗ ಪುರಾವೆಯಿದೆ. ಪದೇ ಪದೇ ಉರಿಮೂತ್ರ ಬರುತ್ತಿದ್ದ, ನೀರು ಕಡಿಮೆ ಕುಡಿಯುತ್ತಿದ್ದ ಹೆಂಗಸರಿಗೆ ದಿನಕ್ಕೆ ಒಂದೂವರೆ ಲೀಟರ್ ಹೆಚ್ಚು ನೀರು ಕುಡಿಸಿದಾಗ ರೋಗ ಮರುಕಳಿಸುವುದು ಸುಮಾರು ಅರ್ಧಕ್ಕೆ ಇಳಿಯಿತೆಂದು 2018ರಲ್ಲಿ ಪ್ರಕಟವಾದ ಅಧ್ಯಯನ ತೋರಿಸಿತು. ಆದರೆ ಮರೆಯಿಲ್ಲದ ಹೊಲದಲ್ಲಿ ನೀರು ಕುಡಿ ಎಂದು ಹೇಳುವುದು ಸುಲಭ. ಆಳು ಕರೆಸುವ ಜಮೀನಿನವರು ಬದುವಿನ ಮೂಲೆಯಲ್ಲಿ ನಾಲ್ಕು ಗೂಟ ನೆಟ್ಟು ತೆಂಗಿನ ಗರಿಯದೋ ಹಳೆಯ ಟಾರ್ಪಾಲಿನದೋ ಮರೆ ಕಟ್ಟಿ, ಒಂದು ಕೊಡ ನೀರಿಟ್ಟರೆ ಖರ್ಚು ಹೆಚ್ಚಾಗದು.

ರೋಗ ಮರುಕಳಿಸಿದವರಿಗೆ ವೈದ್ಯರು ಮೂತ್ರದ ಕಲ್ಚರ್ ಪರೀಕ್ಷೆ ಬರೆಯುತ್ತಾರೆ. ಮಾದರಿಯನ್ನು ಮೊದಲ ಮಾತ್ರೆ ನುಂಗುವ ಮುಂಚೆಯೇ ಕೊಡಬೇಕು. ಮದ್ದು ಬಿದ್ದ ಮೂತ್ರದಲ್ಲಿ ದುಂಡಾಣು ಬೆಳೆಯದೆ, ರೋಗವಿದ್ದರೂ ಇಲ್ಲವೆಂಬ ವರದಿ ಬರಬಹುದು. ಶುದ್ಧ ನೀರಿನಲ್ಲಿ ತೊಳೆದುಕೊಂಡು, ಮೊದಲ ಧಾರೆಯನ್ನು ಬಿಟ್ಟು, ನಡುವಿನ ಧಾರೆಯನ್ನು ಆಸ್ಪತ್ರೆಯವರು ಕೊಟ್ಟ ಡಬ್ಬಿಯಲ್ಲಿ ಹಿಡಿಯಬೇಕು. ಮನೆಯಲ್ಲಿ ಹಿಡಿದು ಹಳ್ಳಿಯಿಂದ ಬಸ್ಸಿನಲ್ಲಿ ಬಿಸಿಲಿಗೆ ತರುವುದಕ್ಕಿಂತ ಆಸ್ಪತ್ರೆಯಲ್ಲೇ ಕೊಡುವುದು ಉತ್ತಮ. ಎರಡು ಗಂಟೆ ಮೀರಿದರೆ ಡಬ್ಬಿಯಲ್ಲೇ ದುಂಡಾಣು ಹೆಚ್ಚಿ ವರದಿ ತಪ್ಪುತ್ತದೆ. ಎರಡು ಮೂರು ದಿನಕ್ಕೆ ಬರುವ ಕಾಗದದಲ್ಲಿ ಮದ್ದುಗಳ ಹೆಸರಿನ ಮುಂದೆ ‘ಎಸ್’ ಎಂದಿದ್ದರೆ ಆ ದುಂಡಾಣುವಿಗೆ ಅದು ನಾಟುತ್ತದೆ, ‘ಆರ್’ ಎಂದಿದ್ದರೆ ನಾಟುವುದಿಲ್ಲ. ಆ ಕಾಗದವನ್ನು ರೇಷನ್ ಕಾರ್ಡಿನ ಜೊತೆ ಜೋಪಾನವಾಗಿಡಿ. ಮುಂದೆ ಎಂದಾದರೂ ಮತ್ತೆ ಉರಿ ಬಂದಾಗ ವೈದ್ಯರು ಮೊದಲು ಕೇಳುವುದು ಅದನ್ನೇ.